ಸಿದ್ದೇಗೌಡರನ್ನು ಜಾವಾಕ್ಕೆ ಕರೆದುಕೊಂಡು ಹೋದದ್ದು

ಜಾವಾ ದ್ವೀಪದಲ್ಲಿ ಏನೇನು ನೋಡಿದಿರಿ ಎಂದು ಕೇಳುವವರಿಗೆಲ್ಲ ನಾನು ಇಷ್ಟು ದಿನ "ಕಬ್ಬು" ಎಂದು ಒಂದೇ ಮಾತು ಹೇಳಿ ತಪ್ಪಿಸಿಕೊಂಡಿದ್ದೇನೆ. ಮಂಡ್ಯದ ಸ್ನೇಹಿತರೊಬ್ಬರು ಬಿಡಲಿಲ್ಲ. "ಕಬ್ಬು ನಮ್ಮಲ್ಲೂ ಇದೆ ಸ್ವಾಮಿ. ಅಲ್ಲಿಯ ಜನ ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ, ಏನು ತಿನ್ನುತ್ತಾರೆ, ಅದನ್ನು ಬರೆಯಿರಿ" ಎಂದರು. ಅದನ್ನು ಬರೆಯುವುದು ನನಗೆ ಕಷ್ಟವಲ್ಲ. ಪರಸ್ಥಳದವರ ನಡೆನುಡಿಯನ್ನು ಗಮನಿಸಿ ಬರೆದಿಡುವ ಚಪಲ ನನಗೆ ಮೊದಲಿನಿಂದಲೂ ಉಂಟು. ಆದರೆ ಮಳವಳ್ಳಿಯಿಂದ ಹೊರಟಾಗ ನಾವು ಇಬ್ಬರಿದ್ದೆವು, ಹಿಂದಿರುಗಿದವನು ನಾನೊಬ್ಬ. ಕಿರುಗಾವಲಿನ ಸಿದ್ದೇಗೌಡರು ಅಲ್ಲಿಯೇ ತೀರಿಕೊಂಡರು. ಅವರ ಕೊನೆಯ ಕೆಲಸವನ್ನು ನಾನೇ ಮುಂದೆ ನಿಂತು ಮಾಡಿಸಿದೆ, ತಪ್ಪಾಗಿ ಮಾಡಿಸಿದೆ. ಈ ಮಾತನ್ನು ಮುಚ್ಚಿಟ್ಟು ಜಾವಾದ ವಿಷಯ ಬರೆಯಲು ನನಗೆ ಮನಸ್ಸಿಲ್ಲ.

ಮದ್ದೂರು

ನಾಲೆಯ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಕಬ್ಬೇ. ಒಳ್ಳೆಯ ತಳಿ ಜಾವಾದ್ದು, ಅಲ್ಲಿ ಅದನ್ನು ಹೇಗೆ ಬೆಳೆಯುತ್ತಾರೆಂದು ನೋಡಿ ಬರಲಿ ಎಂದು ನನ್ನನ್ನು ಕಳುಹಿಸುವುದಾಯಿತು. ನಾನು ರೈತರಿಗೆ ಬೇಸಾಯದ ವಿಷಯ ಹೇಳಿಕೊಡುವ ನೌಕರ. ಹೇಳಿಕೊಡುವುದಷ್ಟೇ, ನೇಗಿಲ ಮೇಣಿ ಹಿಡಿದು ಬಲ್ಲವನಲ್ಲ. ಜೊತೆಗೆ ಕೈ ಕೆಸರು ಮಾಡಿಕೊಂಡ ಒಬ್ಬರಿರಲಿ ಎಂದು ನಾನೇ ಸಿದ್ದೇಗೌಡರ ಬೆನ್ನು ಹತ್ತಿದೆ. ನಲವತ್ತೈದರ ಗಟ್ಟಿ ಆಳು. ಮಣ್ಣನ್ನು ಮೂಸಿ ನೋಡಿಯೇ ಇಲ್ಲಿ ಕಬ್ಬು ಬಂದೀತು, ಬರಲಾರದು ಎಂದು ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳಾದದ್ದನ್ನು ನಾನು ನೋಡಿಲ್ಲ.

ಅವರು ಒಪ್ಪಲು ಮೂರು ಸಲ ಕಿರುಗಾವಲಿಗೆ ಹೋಗಬೇಕಾಯಿತು. ಮೂರನೆಯ ಸಲ ಜಗಲಿಯ ಮೇಲೆ ಕುಳಿತಿದ್ದಾಗ ಅವರ ಹೆಂಡತಿ ಕೆಂಪಮ್ಮ ಬಾಗಿಲ ಮರೆಯಿಂದ ಕೇಳಿದರು:

"ನೀವು ಜತೇಲೇ ಇರ್ತೀರಾ ಅಯ್ನೋರೆ?"

"ಇರ್ತೀನಮ್ಮ. ಹೇಗೆ ಕರಕೊಂಡು ಹೋಗ್ತೀನೋ ಹಾಗೇ ಕರಕೊಂಡು ಬಂದು ಒಪ್ಪಿಸ್ತೀನಿ."

"ಅಂಗಾದ್ರೆ ಓಗ್ಬರ್ಲಿ ಬುಡಿ" ಎಂದರು.

ಮದ್ದೂರು ಸ್ಟೇಷನ್ನಿಗೆ ಗೌಡರ ತಮ್ಮ ಕರಿಗೌಡ ಬಂದಿದ್ದ. ರೈಲು ಅಲುಗುವವರೆಗೂ ಒಂದು ಮಾತಾಡಲಿಲ್ಲ. ಅಲುಗಿದ ಮೇಲೆ, "ನೀರು ಸೋಸ್ಕೊಂಡು ಕುಡಿಯಣ್ಣೋ" ಎಂದು ಕೂಗಿದ. ನಮ್ಮ ಸೀಮೆಯಲ್ಲಿ ಪ್ರೀತಿ ಹೊರಗೆ ಬರುವುದು ಹೀಗೆಯೇ, ಗದರಿಸಿದ ಹಾಗೆ.

ಹಡಗು

ಮದರಾಸಿನಲ್ಲಿ ಹಡಗು ಹತ್ತಿದೆವು. ನಮ್ಮದು ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುವ ಪ್ರಯಾಣ. ಸುತ್ತ ಮಲಯಾದ ರಬ್ಬರು ತೋಟಗಳಿಗೆ ಹೋಗುವ ತಮಿಳು ಕೂಲಿ ಸಂಸಾರಗಳು. ಮೊದಲ ಎರಡು ದಿನ ನಾನು ತಲೆ ಎತ್ತಲಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರರಾಜನಿಗೆ ಅರ್ಪಣೆಯಾಯಿತು. ಗೌಡರಿಗೆ ಏನೂ ಆಗಲಿಲ್ಲ. ಮೂಟೆಯಿಂದ ರಾಗಿ ಹಿಟ್ಟು ತೆಗೆದು, ಹಡಗಿನ ಒಲೆಯ ಮೇಲೆ ಮುದ್ದೆ ತೊಳಸಿ, ಗುಳುಂ ಗುಳುಂ ಎಂದು ನುಂಗುತ್ತಿದ್ದರು. ಕೂಲಿಗಳ ಮಕ್ಕಳು ಅಗಿಯದೆ ನುಂಗುವ ಈ ಮನುಷ್ಯನನ್ನು ನೋಡಲು ಸಾಲುಗಟ್ಟಿ ಕೂರುತ್ತಿದ್ದವು.

ನಾನು ಎದ್ದು ಕೂರುವಂತಾದ ಮೇಲೆ ನನ್ನ ಅಡಿಗೆ ನಾನೇ ಮಾಡಿಕೊಂಡೆ. ಅವರು ಮಾಡಿದ್ದನ್ನು ನಾನು ತಿನ್ನುವಂತಿಲ್ಲ. ತಿನ್ನುವಾಗ ಅವರು ನೋಡುವಂತೆಯೂ ಇಲ್ಲ. ಹತ್ತು ಅಡಿ ಆಚೆ, ಬೆನ್ನು ಮಾಡಿ ಕುಳಿತು ಅವರು ಉಂಡರೆ, ಈಚೆ ಬೆನ್ನು ಮಾಡಿ ನಾನು. ನಮ್ಮಿಬ್ಬರಿಗೂ ಇದು ವಿಚಿತ್ರವೆನಿಸಲಿಲ್ಲ. ನಾನು ಅದೇ ಹಡಗಿನಲ್ಲಿ ಕುಳಿತು, ಅಲ್ಲಿ ಕೆಲಸಕ್ಕಿದ್ದ ಮಲಯಾದವರು ಯಾವ ಬೆರಳಿನಿಂದ ಅನ್ನ ಕಲಸುತ್ತಾರೆಂದು ಪುಸ್ತಕದಲ್ಲಿ ಬರೆದುಕೊಂಡೆ. ಗೌಡರ ಮನೆಯಲ್ಲಿ ಹಬ್ಬಕ್ಕೆ ಏನು ಮಾಡುತ್ತಾರೆ, ಮದುವೆಗೆ ಏನು, ಸಾವಿಗೆ ಏನು ಎಂದು ಮೂರು ವಾರದ ಪ್ರಯಾಣದಲ್ಲಿ ಒಂದು ದಿನವೂ ಕೇಳಲಿಲ್ಲ. ಪಕ್ಕದ ಊರಿನವರು, ಅವರದ್ದು ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಸಿಂಗಪುರ

ಅಲ್ಲಿ ಹಡಗು ಬದಲಾಯಿಸಲು ಎರಡು ದಿನ ಕಾಯಬೇಕಾಯಿತು. ಚೀನರ ಬೀದಿಯೊಂದರಲ್ಲಿ ದಪ್ಪ ಮರದ ದೊಡ್ಡ ಪೆಟ್ಟಿಗೆಗಳನ್ನು ಅಂಗಡಿಯ ಮುಂದೆ ಸಾಲಾಗಿ ಇಟ್ಟಿದ್ದರು. ಗೌಡರು ಒಂದನ್ನು ತಟ್ಟಿ ನೋಡಿ, "ಕಣಜ ಚೆನ್ನಾಗೈತೆ, ಯಾವ ಮರ?" ಎಂದರು. ವಿಚಾರಿಸಿದರೆ ಹೆಣದ ಪೆಟ್ಟಿಗೆ! ವಯಸ್ಸಾದ ತಂದೆತಾಯಿಗೆ ಮಕ್ಕಳು ಅದನ್ನು ಮೊದಲೇ ಕೊಂಡು ಮನೆಯಲ್ಲಿ ತಂದಿಡುವುದು ಅವರಲ್ಲಿ ಮರ್ಯಾದೆಯಂತೆ. ಮುದುಕರು ದಿನಾ ಅದನ್ನು ಒರೆಸಿ ಸಂತೋಷಪಡುತ್ತಾರಂತೆ.

ಗೌಡರು ಕೈಯನ್ನು ಪಂಚೆಗೆ ಒರೆಸಿಕೊಂಡು, "ನಮ್ಮೂರಲ್ಲಿ ಯಾವನಾರ ಬದುಕಿರೋ ಅಪ್ಪಂಗೆ ಇಂತದ್ ತಂದಿಟ್ರೆ ಎಕ್ಕಡ ತಕ್ಕಂಡು ಒಡ್ದಾರು" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಆದ್ರೂ ಒಂದ್ ರೀತಿ ಒಳ್ಳೇದೇ ಕಣ್ ಅಯ್ನೋರೆ. ಯಾವ್ದು ಎಲ್ಲಿ ಅಂತ ಗೊತ್ತಿರ್ತದೆ" ಎಂದರು. ನಾನು ನಕ್ಕುಬಿಟ್ಟೆ.

ಸುರಬಾಯದ ಹತ್ತಿರ ಒಂದು ಹಳ್ಳಿ

ಜಾವಾದ ಸುರಬಾಯ ದೊಡ್ಡ ಊರು. ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಮುತ್ತಯ್ಯ ಎಂಬ ತಮಿಳು ಯುವಕ ನಮಗೆ ದುಭಾಷಿಯಾಗಿ ಸಿಕ್ಕ. ಮನೆಯಲ್ಲಿ ತಮಿಳಾಡುವ ಅಯ್ಯಂಗಾರನಾದ ನನಗೆ ಅದರಿಂದ ಬಹಳ ಅನುಕೂಲವಾಯಿತು. ಅವನೇ ನಮ್ಮನ್ನು ಇಪ್ಪತ್ತು ಮೈಲಿ ದೂರದ ಹಳ್ಳಿಗೆ ಕರೆದುಕೊಂಡು ಹೋಗಿ ಸಾಸ್ತ್ರೊ ಎಂಬುವರ ಮನೆಯಲ್ಲಿ ಇಳಿಸಿದ. ಹೆಸರು ನಮ್ಮ ಶಾಸ್ತ್ರದ್ದೇ, ಮತದಲ್ಲಿ ಮುಸಲ್ಮಾನರು. ಸಕ್ಕರೆ ಕಾರ್ಖಾನೆಯ ಕಬ್ಬಿನ ಗದ್ದೆಗಳಿಗೆ ಮೇಸ್ತ್ರಿಯಾಗಿದ್ದವರು.

ಆಗಿದ್ದವರು ಎಂದೆ. ನಾವು ಏನನ್ನು ನೋಡಲು ಸಮುದ್ರ ದಾಟಿ ಹೋಗಿದ್ದೆವೋ ಅದು ಅಲ್ಲಿ ಮುಚ್ಚಿ ಕುಳಿತಿತ್ತು. ಸಕ್ಕರೆಗೆ ಕೇಳುವವರಿಲ್ಲದೆ ಸುತ್ತಿನ ಕಾರ್ಖಾನೆಗಳು ಒಂದೊಂದಾಗಿ ನಿಂತಿದ್ದವು. ಹೊಗೆಯಿಲ್ಲದ ಚಿಮಣಿ, ತುಕ್ಕು ಹಿಡಿದ ಟ್ರಾಲಿ ಹಳಿ, ಹಳಿಯ ನಡುವೆ ಮೊಳಕಾಲುದ್ದ ಹುಲ್ಲು. ಸಾಸ್ತ್ರೊ ಇದನ್ನೆಲ್ಲ ತೋರಿಸುವಾಗ ನಗುತ್ತಿದ್ದರು. ತಮಗೆ ಕೆಲಸ ಹೋದದ್ದನ್ನು ಹೇಳುವಾಗಲೂ ನಗು. ಹೋದ ವರ್ಷ ಮಗಳು ಸತ್ತದ್ದನ್ನು ಹೇಳುವಾಗಲೂ ನಗು. ಇದೆಂಥ ಕಲ್ಲುಮನಸ್ಸು ಎಂದು ನಾನು ಬೆರಗಾದೆ. ಮುತ್ತಯ್ಯ ವಿವರಿಸಿದ: ತಮ್ಮ ದುಃಖದ ಭಾರ ಕೇಳುವವರ ಮೇಲೆ ಬೀಳಬಾರದೆಂದು ಇಲ್ಲಿಯವರು ಅದನ್ನು ನಕ್ಕೇ ಹೇಳುತ್ತಾರೆ. ನಮ್ಮಲ್ಲಾದರೋ ಎದೆ ಬಡಿದುಕೊಂಡು ಬೀದಿಯವರನ್ನೂ ಅಳಿಸಿದರೇ ಅದು ದುಃಖ.

ಇನ್ನೂ ಎಷ್ಟೋ ವ್ಯತ್ಯಾಸ ಕಂಡೆ. ಅವರು ತೋರುಬೆರಳಿನಿಂದ ಏನನ್ನೂ ತೋರಿಸುವುದಿಲ್ಲ, ಹೆಬ್ಬೆರಳಿನಿಂದ ತೋರಿಸುತ್ತಾರೆ. ಹಿರಿಯರ ಮುಂದೆ ಹಾದುಹೋಗುವಾಗ ನೆಲಕ್ಕೆ ಬಾಗಿ ಹೋಗುತ್ತಾರೆ. ಕಾಫಿಯನ್ನು ಹಾಲಿಲ್ಲದೆ, ಚರಟ ಸೋಸದೆ ಕುಡಿಯುತ್ತಾರೆ. ಎಲೆಅಡಿಕೆಯ ತಟ್ಟೆ ಮಾತ್ರ ನಮ್ಮಂತೆಯೇ ಬಂದವರ ಮುಂದೆ ಮೊದಲು ಬರುತ್ತದೆ. ಮಗುವೊಂದರ ತಲೆಯನ್ನು ಗೌಡರು ಪ್ರೀತಿಯಿಂದ ಸವರಿದಾಗ ಅದರ ತಾಯಿ ಗಾಬರಿಯಾಗಿ ಎತ್ತಿಕೊಂಡು ಒಳಗೆ ಹೋದಳು. ತಲೆ ಮುಟ್ಟುವುದು ಅಲ್ಲಿ ತಪ್ಪು. ಗೌಡರು ಆ ದಿನವೆಲ್ಲ ಪೆಚ್ಚಾಗಿದ್ದರು.

ಆದರೆ ಅವರನ್ನು ನಿಜವಾಗಿ ಹಣ್ಣುಮಾಡಿದ್ದು ಬೇರೆ. ಆ ದೇಶದಲ್ಲಿ ಎದುರಿಗೆ ಸಿಕ್ಕವರನ್ನು "ಎಲ್ಲಿಗೆ ಹೊರಟಿರಿ?" ಎಂದು ಕೇಳುವುದೇ ನಮಸ್ಕಾರ. ಉತ್ತರ ಯಾರಿಗೂ ಬೇಕಿಲ್ಲ. ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಟ್ಟಂತೆಯೇ. ಗೌಡರು ಬೆಳಗ್ಗೆ ಗದ್ದೆಗೆ ಹೊರಟರೆ ಪಕ್ಕದ ಮನೆಯ ಮುದುಕಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ಎಲ್ಲಿಗೆ?" ಎನ್ನುವಳು. ಗೌಡರು ಹಿಂದಿರುಗಿ ಬಂದು, ಜಗಲಿಯ ಮೇಲೆ ಕುಳಿತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುವರು. ಬೀದಿ ತಿರುವಿನಲ್ಲಿ ಇನ್ನೊಬ್ಬ, "ಎಲ್ಲಿಗೆ?" ಮತ್ತೆ ವಾಪಸ್ಸು, ಮತ್ತೆ ನೀರು. ಒಂದು ದಿನ ಐದು ಸಲ ಹೀಗಾಗಿ, "ಈ ಊರವ್ರು ನನ್ನ ಗದ್ದೆ ಸೇರುಸಾಕಿಲ್ಲ ಕಣ್ ಅಯ್ನೋರೆ, ಒಟ್ಟೇಲಿ ನೀರು ತುಂಬೋಯ್ತು" ಎಂದರು. ಆ ಪ್ರವಾಸದಲ್ಲಿ ನಾವಿಬ್ಬರೂ ಒಟ್ಟಿಗೆ ಮನಸಾರೆ ನಕ್ಕದ್ದು ಅದೊಂದು ದಿನ.

ದೇವಕಣಗಿಲೆ ಮರ

ಸಾಸ್ತ್ರೊ ಅವರ ತಂದೆಗೆ ಎಂಬತ್ತರ ಹತ್ತಿರ. ಒಂದು ಮಧ್ಯಾಹ್ನ ಅವರು ತಮ್ಮ ಪೆಟ್ಟಿಗೆ ತೆರೆದು ಮಡಿಸಿಟ್ಟ ಬಿಳಿ ಬಟ್ಟೆಯೊಂದನ್ನು ನಮಗೆ ತೋರಿಸಿದರು. ತಾವು ಸತ್ತಾಗ ಸುತ್ತಬೇಕಾದ ಬಟ್ಟೆ. ಆಮೇಲೆ ಹಿತ್ತಿಲಾಚೆ ಗದ್ದೆಯ ಅಂಚಿಗೆ ಕರೆದುಕೊಂಡು ಹೋಗಿ, ದೇವಕಣಗಿಲೆ ಮರದ ಕೆಳಗೆ ನಿಂತು, ತಮ್ಮ ಗುಳಿ ಎಲ್ಲಿ, ತಲೆ ಯಾವ ಕಡೆ ಎಂದು ಹೆಬ್ಬೆರಳಿನಿಂದ ತೋರಿಸಿದರು. ಮಗ, ಸೊಸೆ ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಮನೆಗೆ ಹೊಸ ಬಾಗಿಲು ಎಲ್ಲಿಡಬೇಕೆಂದು ಹೇಳಿದಷ್ಟು ಸಲೀಸಾಗಿ ಆ ಮಾತು ನಡೆಯಿತು.

ಗೌಡರು ಬಹಳ ಹೊತ್ತು ಆ ಮರದ ಬುಡವನ್ನೇ ನೋಡಿದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿದರು. ಹಿಂದಿರುಗುವಾಗ, ಕಡಿಯದೆ ಉಳಿದಿದ್ದ ಕಬ್ಬಿನ ಸಾಲಿನ ಮಧ್ಯೆ ನಿಂತುಬಿಟ್ಟರು.

"ಅಯ್ನೋರೆ, ಒಂದ್ಮಾತು. ಮೈಯಾಕೋ ಒಂತರಾ ಆಗೈತೆ. ಅಕಸ್ಮಾತ್ ನಂಗೇನಾರ ಎಚ್ಚುಕಮ್ಮಿ ಆಗೋದ್ರೆ, ನನ್ನ..."

"ಥೂ ಥೂ! ಬಿಡ್ತು ಅನ್ನಿ ಗೌಡರೇ! ಪರದೇಶದಲ್ಲಿ ನಿಂತು ಆಡೋ ಮಾತೇ ಇದು? ಮೊದಲು ಬಿಡ್ತು ಅನ್ನಿ."

"ಅಲ್ಲ ಅಯ್ನೋರೆ, ನಮ್ಮಲ್ಲಿ..."

"ಅನ್ನಿ ಅಂದೆ."

"ಬುಡ್ತು" ಎಂದರು ಗೌಡರು. ಮತ್ತೆ ಸಾಲು ಹಿಡಿದು ನಡೆದರು. ಕೆಟ್ಟ ಮಾತನ್ನು ಬಾಯಲ್ಲೇ ತಡೆದೆನೆಂದು ನನಗೆ ಸಮಾಧಾನವಾಯಿತು.

ಸಂಜೆಗೆ ಚಳಿ ಹತ್ತಿತು. "ನಮ್ಮ ನಾಲೆ ಕಡೆ ಜ್ವರನೇ ಇದು, ಕ್ವಿನೈನು ತಕ್ಕಂಡ್ರೆ ಓಯ್ತದೆ" ಎಂದರು. ನಾನೂ ಹಾಗೆಯೇ ತಿಳಿದೆ. ಎರಡನೆಯ ದಿನ ಸಾಸ್ತ್ರೊ ಕರೆಸಿದ ಡಾಕ್ಟರು ಬಂದು ಔಷಧ ಕೊಟ್ಟರು. ಅಷ್ಟರಲ್ಲಿ ಸುರಬಾಯಕ್ಕೆ ಹಿಂದಿರುಗಿದ್ದ ಮುತ್ತಯ್ಯನಿಗೆ ಮೂರನೆಯ ದಿನ ಹೇಳಿಕಳುಹಿಸಿದೆ. ಜ್ವರ ತಲೆಗೆ ಏರಿ ಗೌಡರು ಎತ್ತುಗಳನ್ನು ಹೆಸರು ಹಿಡಿದು ಕರೆಯತೊಡಗಿದರು. ಗಂಜಿ ಕುಡಿಸಿದವನು ನಾನು, ಹಣೆಗೆ ಒದ್ದೆ ಬಟ್ಟೆ ಹಾಕಿದವನು ನಾನು. ಅಷ್ಟು ಮಾಡಿದೆ. ಆದರೆ ಐದನೆಯ ದಿನ ಬೆಳಗ್ಗೆ ಅವರ ಉಸಿರು ಸ್ವಲ್ಪ ತಿಳಿಯಾದಂತೆ ಕಂಡು, ಸ್ನಾನ ಮಾಡಿ ಸಂಧ್ಯಾವಂದನೆ ಮುಗಿಸಿಬರೋಣವೆಂದು ಬಾವಿಯ ಹತ್ತಿರ ಹೋದೆ. ಅರ್ಘ್ಯದ ನೀರು ಕೈಯಲ್ಲಿರುವಾಗ ಸಾಸ್ತ್ರೊ ಬಂದು ನಿಂತರು. ಅವರ ಮುಖದಲ್ಲಿ ಆ ನಗು ಇತ್ತು. ಅದನ್ನು ನೋಡಿದೊಡನೆಯೇ ನನಗೆ ತಿಳಿಯಿತು.

ಎರಡು ಜಾಗ

ಅಳಲು ಅಲ್ಲಿ ನಾನೊಬ್ಬನೇ. ನನಗೋ ಅಳು ಬರಲಿಲ್ಲ. ಕಿರುಗಾವಲಿನಲ್ಲಾಗಿದ್ದರೆ ಊರೇ ಬಂದು ಕೂಗುತ್ತಿತ್ತು. ಸಾಸ್ತ್ರೊ ಮನೆಯ ಹೆಂಗಸರು ಸದ್ದಿಲ್ಲದೆ ಹೂವು ಬಿಡಿಸಿ ತಂದರು. ಹಳ್ಳಿಯ ಗಂಡಸರು ಕರೆಯದೆಯೇ ಬಂದು ಅಂಗಳದಲ್ಲಿ ಕುಳಿತರು. ಒಬ್ಬರೂ "ಎಲ್ಲಿಗೆ" ಎನ್ನಲಿಲ್ಲ.

ಸಾಸ್ತ್ರೊ ಮುತ್ತಯ್ಯನ ಮೂಲಕ ನನ್ನನ್ನು ಕೇಳಿದರು: "ಇವರ ಮನೆತನದಲ್ಲಿ ಸತ್ತವರಿಗೆ ಏನು ಮಾಡುತ್ತಾರೆ? ಮಣ್ಣಿಗೆ ಇಡುವುದಾದರೆ ಆ ಮರದ ಕೆಳಗೆ ಜಾಗವಿದೆ. ಅಪ್ಪ ತಮ್ಮ ಜಾಗವನ್ನು ಬಿಟ್ಟುಕೊಡುತ್ತೇನೆ ಎನ್ನುತ್ತಿದ್ದಾರೆ."

ಮುದುಕರು ಬಾಗಿಲಲ್ಲೇ ನಿಂತಿದ್ದರು. ಅವರ ಕೈಯಲ್ಲಿ ಆ ಬಿಳಿ ಬಟ್ಟೆಯೂ ಇತ್ತು.

ಈ ಪ್ರಶ್ನೆಯನ್ನು ಎಷ್ಟು ಸರಿಯಾಗಿ ಕೇಳಿದ್ದರೆಂದು ಈಗ ನನಗೆ ಅರ್ಥವಾಗುತ್ತದೆ. ನಿಮ್ಮ ದೇಶದಲ್ಲಿ ಏನು ಪದ್ಧತಿ ಎನ್ನಲಿಲ್ಲ, ಇವರ ಮನೆತನದಲ್ಲಿ ಎಂದರು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಹೂಳುವುದು ನಿಮ್ಮ ಸಂಪ್ರದಾಯ. ನಾವು ಹಿಂದೂಗಳು. ನಮ್ಮ ದೇಶದಲ್ಲಿ ಸುಡುತ್ತೇವೆ" ಎಂದೆ. ನನ್ನ ತಂದೆಯನ್ನು ಸುಟ್ಟಿದ್ದೆವು, ತಾತನನ್ನು ಸುಟ್ಟಿದ್ದರು. ಹಾಗೆಂದಮೇಲೆ ದೇಶವೆಲ್ಲ ಸುಡುತ್ತದೆ!

ಸಾಸ್ತ್ರೊ ತಲೆಬಾಗಿ ಒಪ್ಪಿದರು. ಮುದುಕರು ಬಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.

ಸುರಬಾಯದಾಚೆ ಹಿಂದೂ ವ್ಯಾಪಾರಿಗಳು ತಮ್ಮವರನ್ನು ಸುಡುವ ಜಾಗವೊಂದಿತ್ತು. ಮುತ್ತಯ್ಯ ಲಾರಿ ಗೊತ್ತು ಮಾಡಿದ. ಲಾರಿಯಲ್ಲಿ ಇಪ್ಪತ್ತು ಮೈಲಿ ಗೌಡರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಜೊತೆಯಲ್ಲಿ ಉಣ್ಣದವನು ಅಂದು ಮಡಿ ಮೈಲಿಗೆ ಎನ್ನಲಿಲ್ಲ. ಬೆಂಕಿಯನ್ನೂ ನಾನೇ ಇಟ್ಟೆ. ಅವರಿಗೊಂದು ದೊಡ್ಡ ಉಪಕಾರ ಮಾಡಿದೆನೆಂದೇ ಆಗ ನನ್ನ ಭಾವನೆ. ಕಿರುಗಾವಲಿಗೆ ತಂತಿ ಕೊಟ್ಟೆ. ತೀರಿಕೊಂಡರು ಎಂದಷ್ಟೇ ಅದರಲ್ಲಿತ್ತು.

ಮೂರನೆಯ ದಿನ ಬೂದಿಯ ಗಡಿಗೆ ಹಿಡಿದು ಸಾಮಾನು ತರಲು ಹಳ್ಳಿಗೆ ಹೋದರೆ, ಸಾಸ್ತ್ರೊ ಮನೆಯಲ್ಲಿ ಅನ್ನ ಬಡಿಸಿ ನೆರೆಹೊರೆಯವರನ್ನು ಕೂರಿಸಿದ್ದರು. ಗೌಡರು ಮಲಗುತ್ತಿದ್ದ ಮಂಚದ ಮೇಲೆ ನೀರು ಚಿಮುಕಿಸಿ ಹೂವು ಹಾಕಿದ್ದರು. ಮೂರನೆಯ ದಿನ ಹೀಗೆ ಮಾಡದಿದ್ದರೆ ಸತ್ತವರಿಗೆ ದಾರಿ ಕಾಣದು ಎಂದರು. ಪರರ ಪದ್ಧತಿ, ಬರೆದಿಟ್ಟುಕೊಳ್ಳಬೇಕು ಎಂದುಕೊಂಡೆ.

ಕಿರುಗಾವಲು

ಊರಿಗೆ ಬಂದ ಮೇಲೆ ಸಮುದ್ರ ದಾಟಿದ್ದಕ್ಕೆ ನನಗೆ ಪ್ರಾಯಶ್ಚಿತ್ತವಾಯಿತು. ಪಂಚಗವ್ಯ ಕುಡಿದು ಶುದ್ಧನಾದೆ. ಮಾರನೆಯ ದಿನ ಗಡಿಗೆ ತೆಗೆದುಕೊಂಡು ಕಿರುಗಾವಲಿಗೆ ಹೋದೆ.

ಕರಿಗೌಡ ಹೊಲದಲ್ಲಿದ್ದ. ಅವರ ತಂದೆಯ ಸಮಾಧಿಯ ಪಕ್ಕದಲ್ಲಿ ಆರಡಿ ಜಾಗದ ಕಳೆ ಕಿತ್ತು ಹಸನು ಮಾಡಿದ್ದ. ಕೆಂಪಮ್ಮನೂ ನಾಲ್ಕಾರು ಹೆಂಗಸರೂ ಅಲ್ಲಿಗೇ ಬಂದರು.

"ಅಣ್ಣನ್ನ ಎಲ್ಲಿ ಮಡಗುದ್ರಿ ಅಯ್ನೋರೆ? ಅಲ್ಲಿಂದ ಒಂದಿಡಿ ಮಣ್ಣಾರ ತಂದ್ರಾ?" ಎಂದ ಕರಿಗೌಡ. "ಇಲ್ಲಿಗಾಕಿ ಆಲು ತುಪ್ಪ ಬುಡಾವ ಅಂತ ಕಾಯ್ತಾವ್ನಿ. ಮೂರ್ನೇ ದಿನದ್ದು ಅಂಗೇ ನಿಂತದೆ."

ನಾನು ಗಡಿಗೆಯನ್ನು ನೆಲದ ಮೇಲಿಟ್ಟೆ. "ಅಸ್ಥಿ ತಂದಿದ್ದೀನಿ. ಹೊಳೆಯಲ್ಲಿ ಬಿಡೋದಕ್ಕೆ."

ಅವನು ಬಗ್ಗಿ ಗಡಿಗೆಯೊಳಗೆ ನೋಡಿದ. "ಸುಟ್ರಾ?"

"ಹೌದು."

"ನಮ್ಮೋರ್ನ ಸುಡಾಕಿಲ್ವಲ್ಲ! ನಮ್ಮಪ್ಪ, ಅವ್ರಪ್ಪ, ಎಲ್ಲ ಇದೇ ಒಲದಲ್ಲಿ ಮನ್ಗವ್ರೆ. ಕೆಟ್ಟ ರೋಗ ಬಂದು ಸತ್ತೋರ್ನ ಸುಡಾದು ನಾವು. ಅತ್ತು ಮೈಲೀಲಿರೋ ನಿಮ್ಗೆ ಇದು ಗೊತ್ತಿಲ್ವಾ? ಅಲ್ಲಿ ಮಣ್ಣಿರ್ಲಿಲ್ವಾ ಅಯ್ನೋರೆ?"

ಮಣ್ಣಿತ್ತು. ಕೊಡುವವರೂ ಇದ್ದರು. ಅದನ್ನು ಹೇಳದೆ ಹೋದರೆ ನಾನು ಮನುಷ್ಯನೇ ಅಲ್ಲ ಎನ್ನಿಸಿತು. ಮರದ ವಿಷಯ, ಮುದುಕರ ಬಟ್ಟೆಯ ವಿಷಯ, ಮಂಚದ ಮೇಲಿನ ಹೂವಿನ ವಿಷಯ, ನಾನು ಕೊಟ್ಟ ಉತ್ತರ, ಎಲ್ಲ ಹೇಳಿದೆ. ಕರಿಗೌಡ ಕೈಯಲ್ಲಿದ್ದ ಗುದ್ದಲಿಯನ್ನು ಎಸೆದು ಆಚೆ ತಿರುಗಿ ನಿಂತ.

ಕೆಂಪಮ್ಮ ಅದುವರೆಗೂ ಅತ್ತಿರಲಿಲ್ಲ. "ಮೂರ್ನೇ ದಿನ ಆ ಪುಣ್ಯಾತ್ಮ ಮಾಡುದ್ನಾ?" ಎಂದು ಕೇಳಿದರು.

"ಮಾಡಿದರಮ್ಮ."

"ನಮ್ಮ ಯಜಮಾನ್ರು ಏನೂ ಏಳ್ನಿಲ್ವಾ? ಸಾಯಾಗಂಟ ಒಂದ್ಮಾತೂ?"

"ಹೇಳೋಕೆ ಬಂದರು. ಕಬ್ಬಿನ ಗದ್ದೇಲಿ ನಿಂತು ಎರಡು ಸಲ ಬಾಯಿ ತೆಗೆದರು. ಅಪಶಕುನದ ಮಾತು ಅಂತ ನಾನೇ ತಡೆದೆ. ಬಿಡ್ತು ಅನ್ನಿಸಿದೆ."

"ಅಂದ್ರಾ?"

"ಅಂದರು."

"ಅಂತಾರೆ" ಎಂದರು ಕೆಂಪಮ್ಮ. "ದೊಡ್ಡೋರ ಮಾತ್ಗೆ ಎದ್ರಾಡಿದೋರಲ್ಲ."

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಸೀಮೆಯ ಹೆಂಗಸರು ಬೈಯುವುದರಲ್ಲಿ ಕಡಿಮೆಯವರಲ್ಲ. ಆಕೆ ಬೈಯಲಿಲ್ಲ. ಆ ಹೊತ್ತಿಗೆ ನನಗೆ ತಡೆಯದೆ, ಅವರೆಲ್ಲರ ಮುಂದೆ, ಗೌಡರು ಸತ್ತ ದಿನ ಬಾರದ ಅಳು ಬಂತು.

ಕರಿಗೌಡ ಗುದ್ದಲಿ ಎತ್ತಿಕೊಂಡು ಬಂದ. ಗಡಿಗೆಗೆ ಒಂದು ಮೊಳ ತೋಡಿದರೆ ಸಾಕಿತ್ತು. ಅವನು ಆರಡಿ ಉದ್ದ, ಎದೆಯ ಮಟ್ಟ, ಒಬ್ಬ ಮನುಷ್ಯನಿಗೆ ಬೇಕಾಗುವಷ್ಟು ಗುಣಿ ತೋಡಿದ. ನಾನು ಕೈ ಹಾಕಲು ಹೋದರೆ, "ನೀವು ನಿಂತ್ಕಳಿ" ಎಂದ. ಹೊಸ ಪಂಚೆ ಹಾಸಿ, ನಡುವೆ ಗಡಿಗೆಯನ್ನಿಟ್ಟು, ಮಣ್ಣು ಎಳೆದು, ಮೇಲೆ ಹಾಲು ತುಪ್ಪ ಬಿಟ್ಟರು. ಮಣ್ಣು ಎಳೆಯುವ ಮುನ್ನ ಅಷ್ಟು ಉದ್ದದ ಗುಣಿಯಲ್ಲಿ ಆ ಗಡಿಗೆ ತೀರ ಚಿಕ್ಕದಾಗಿ ಕಂಡಿತ್ತು.

ಎಲ್ಲರೂ ಹೊರಡಲು ಎದ್ದಾಗ ಕೆಂಪಮ್ಮ ಏಳಲಿಲ್ಲ.

"ಕರಿಗೌಡ, ಕೇಳುಸ್ಕೋ. ನಾನು ಸತ್ತಾಗ ನನ್ನ ಮಣ್ಗಾಕ್ಬ್ಯಾಡ. ಅವ್ರು ಎಂಗೆ ಓದ್ರೋ ನನ್ನೂ ಅಂಗೇ ಕಳ್ಸು. ಸುಟ್ಟು ತಂದು ಇಲ್ಲಿಗೇ ಸುರಿ."

ಕರಿಗೌಡ ತಲೆ ತಗ್ಗಿಸಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಯಾರೂ ಕೆಂಪಮ್ಮನ ಮಾತನ್ನು ತಡೆಯಲಿಲ್ಲ. ಆಕೆ ನನ್ನ ಕಡೆ ತಿರುಗಿದರು.

"ಅಯ್ನೋರೆ, ನೀವೂ ಕೇಳುಸ್ಕಂಡ್ರಾ?"

"ಕೇಳಿಸಿಕೊಂಡೆ ಅಮ್ಮ" ಎಂದೆ.